ಲೇಡೀಸ್ ಬೋಗಿಯ ಮನವಿ

ಹೋದ ತಿಂಗಳು ಬಂಗಾರಪೇಟೆಯ ಚಿಕ್ಕಮ್ಮನ ಮನೆಗೆ ಹೋಗಲೆಂದು ಕಂಟೋನ್ಮೆಂಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಬಂದು ನಿಂತ ಯಾವುದೋ ಗಾಡಿಯಿಂದ ಯಾರೋ ಒಂದು ಮೂಟೆ ಇಳಿಸಿ ನನ್ನ ಕಾಲ ಬಳಿಯೇ ಧೊಪ್ಪೆಂದು ಕೆಡವಿದರು. ಸಬ್ಬಸಿಗೆ ಸೊಪ್ಪು. ನೋಡಿ ತಿಳಿಯಬೇಕಾಗಿರಲಿಲ್ಲ, ವಾಸನೆಯೇ ಹೇಳಿತು; ನೋಡಲು ನನಗೆ ಈಗ ಉಳಿದಿರುವ ದೃಷ್ಟಿಯೂ ಅಷ್ಟಕ್ಕಷ್ಟೇ. ಸಬ್ಬಸಿಗೆ ಎಂದರೆ ಕೆಲವರಿಗೆ ಅಕ್ಕಿರೊಟ್ಟಿ ನೆನಪಾಗುತ್ತದೆ, ಕೆಲವರಿಗೆ ಬಾಣಂತಿಯ ಊಟ. ನನಗೆ ನೆನಪಾಗುವುದು ಮಾಲೂರಿನಿಂದ ಬರುವ ಸಂಜೆ ಗಾಡಿಯ ಲೇಡೀಸ್ ಬೋಗಿ, ಅಲ್ಲಿ ಕೂತು ನಾನು ಹಾಕಿದ ಒಂದು ಸಹಿ. ಇಷ್ಟು ವರ್ಷವಾದರೂ ಆ ಸಿಟ್ಟು ಕರಗಿಲ್ಲ.

ಆ ವರ್ಷ ನಾನು ಬೈಯಪ್ಪನಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಮೆಟ್ರೋ ಆಗ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅದಕ್ಕೆ ಮುಂಚೆ, ಗಂಡನ ಮನೆ ಬಿಟ್ಟು ಬಂದ ಮೇಲೆ, ನಾಲ್ಕು ವರ್ಷ ಹಲಸೂರಿನ ಅಣ್ಣನ ಮನೆಯ ಹಾಲಿನಲ್ಲಿ ಫ್ರಿಜ್ಜಿನ ಪಕ್ಕ ಹಾಸಿಗೆ ಹಾಸಿಕೊಂಡು ಮಲಗಿದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯಲು ಬಂದವಳು ನನ್ನ ಕಾಲು ದಾಟುವಾಗ ಒಂದು ಉಸಿರು ಬಿಡುತ್ತಿದ್ದಳು. ಆ ಉಸಿರಿನಿಂದ ತಪ್ಪಿಸಿಕೊಳ್ಳಲೆಂದೇ ಮಾಲೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಹಿಡಿದೆ. ಗುತ್ತಿಗೆಯ ಕೆಲಸ, ಮಾರ್ಚಿಗೊಮ್ಮೆ ಹೊಸದಾಗಿ ಬರೆಯಬೇಕು. ಆ ಕೆಲಸ ಇದ್ದರೆ ಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲಿ, ಇಲ್ಲದಿದ್ದರೆ ಮತ್ತೆ ಫ್ರಿಜ್ಜಿನ ಪಕ್ಕ. ನನ್ನ ಬದುಕಿನ ಲೆಕ್ಕಾಚಾರವೆಲ್ಲ ಆಗ ಇಷ್ಟೇ ಆಗಿತ್ತು.

ಕಣ್ಣಿನ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುವ ಕಾಯಿಲೆ. ಹಗಲಿನಲ್ಲಿ ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ, ಬೆಳಕು ಇಳಿದರೆ ಯಾವುದೂ ಇಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಯಾವ ಪೆಟ್ಟಿಗೆ ಯಾವ ಲಾರಿಗೆ ಎಂದು ಚೀಟಿ ತಯಾರಿಸುವುದು ನನ್ನ ಕೆಲಸ. ನಾನು ಇದ್ದಷ್ಟು ದಿನ ಒಂದು ಪೆಟ್ಟಿಗೆಯೂ ತಪ್ಪು ಊರಿಗೆ ಹೋಗಲಿಲ್ಲ. ಇದನ್ನು ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಕೊನೆಯಲ್ಲಿ ಯಾರೂ ಇದನ್ನು ಕೇಳಲಿಲ್ಲ, ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ಅಣ್ಣನಿಗೆ ಮಾತ್ರ ಗೊತ್ತಿತ್ತು. "ಒಬ್ಳೇ ಟ್ರೈನಲ್ಲಿ ಹೋಗ್ಬರ್ತೀಯಾ? ಎಲ್ಲಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ನಾನು ಕೇಳ್ಕೊಂಡು ಬರಲ್ಲ ನೋಡು," ಎಂದಿದ್ದ. ಕೇಳಿಕೊಂಡು ಬರುವುದೇ ಬೇಡ ಎಂದು ನಾನೂ ಹೇಳಿದ್ದೆ. ಬಾಯಿ ಜೋರಾಗಿದ್ದರೂ ಧೈರ್ಯ ಅಷ್ಟಿರಲಿಲ್ಲ. ಬಿಳಿ ಕೋಲು ಹಿಡಿದರೆ ಆಫೀಸಿಗೆ ಗೊತ್ತಾಗುತ್ತದೆ. ಕೋಲಿಲ್ಲದೆ ಹೋಗುವುದೆಂದರೆ ದಿನಕ್ಕೆರಡು ಸಲ ಗುರುತಿಲ್ಲದವರ ಕೈ ನಂಬಬೇಕು.

ಗುರುತಿಲ್ಲದವರ ಕರುಣೆಯ ಬಗ್ಗೆ ನಾನೊಂದು ಪುಸ್ತಕವನ್ನೇ ಬರೆಯಬಲ್ಲೆ. ಕೇಳದೆ ಮೊಣಕೈ ಹಿಡಿದು ಕೋಸಿನ ಮೂಟೆಯಂತೆ ಎತ್ತಿ ಹತ್ತಿಸುವವರಿದ್ದಾರೆ. ಕಣ್ಣು ಮಂದವೆಂದು ತಿಳಿದ ಕೂಡಲೇ ಕಿವಿಯೂ ಮಂದವೆಂದುಕೊಂಡು ಕಿರುಚುವವರಿದ್ದಾರೆ. ಮೆಟ್ಟಿಲು ದಾಟಿಸಿದ ಮೇಲೆ ಅದರ ಬದಲಿಗೆ ನನ್ನ ಜಾತಕವನ್ನೆಲ್ಲ ಕೇಳುವವರು: ಮದುವೆ ಆಗಿದೆಯಾ, ಮಕ್ಕಳೆಷ್ಟು, ಹುಟ್ಟಿನಿಂದಲೇ ಹೀಗಾ? ಎಲ್ಲರಿಗೂ ನಗುತ್ತ ಥ್ಯಾಂಕ್ಸ್ ಹೇಳಬೇಕು, ಯಾಕೆಂದರೆ ನಾಳೆಯೂ ಅವರೇ ಬೇಕು.

ಇವರ ನಡುವೆ ಒಬ್ಬರು ಬೇರೆ ಇದ್ದರು. ಖುರ್ಷಿದ್ ಆಪಾ. ಶಿವಾಜಿನಗರದವರು, ಮಾಲೂರಿನ ಗಾರ್ಮೆಂಟ್ಸಿನಲ್ಲಿ ಟೈಲರ್. ಬೆಳಿಗ್ಗೆ ಕಂಟೋನ್ಮೆಂಟಿನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ತಮ್ಮ ದುಪಟ್ಟಾ ಹಾಸಿ ನನಗೆಂದು ಹಿಡಿದಿಟ್ಟಿರುತ್ತಿದ್ದರು. ಮಳೆಗಾಲದ ಒಂದು ಬೆಳಿಗ್ಗೆ ಮಾಲೂರಿನಲ್ಲಿ ಇಳಿಯುವಾಗ, ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ಎಷ್ಟಿದೆಯೆಂದು ತಿಳಿಯದೆ ನಾನು ಒಂದು ಕಾಲು ಗಾಳಿಯಲ್ಲಿ ಆಡಿಸುತ್ತಿದ್ದೆ. ಹಿಂದಿನಿಂದ ನನಗೆ ಮಾತ್ರ ಕೇಳುವಂತೆ ಅವರು, "ಇನ್ನೊಂದ್ ಸ್ವಲ್ಪ ಕೆಳಗೆ… ಹಾಂ, ಬಸ್, ಸಾಕು, ಈಗ ಇಡು," ಎಂದರು. ಮುಟ್ಟಲಿಲ್ಲ, ಏನೂ ಕೇಳಲೂ ಇಲ್ಲ. ಮರುದಿನದಿಂದ ಕಿತ್ತಳೆ ಬಣ್ಣದ ದುಪಟ್ಟಾ ಹೊದ್ದು ಬರತೊಡಗಿದರು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಮುಂದೆ ನಿಧಾನವಾಗಿ ನಡೆಯುತ್ತಿದ್ದರು. ಆ ಕಿತ್ತಳೆಯನ್ನು ಹಿಡಿದುಕೊಂಡು ನಾನು ಹಿಂದೆ ಹೋಗುತ್ತಿದ್ದೆ. ಬಣ್ಣದ ಬಗ್ಗೆ ಒಂದೇ ಒಂದು ಸಲ ಮಾತು ಬಂದಿತ್ತು. "ಈ ವಯಸ್ಸಲ್ಲಿ ಇದೇನಮ್ಮೀ ಕಲರು ಅಂತ ಮಗಳು ನಗ್ತಾಳೆ. ನಗ್ಲಿ ಬಿಡು," ಎಂದಿದ್ದರು. ನನಗಾಗಿ ಎಂದು ಅವರು ಯಾವತ್ತೂ ಹೇಳಲಿಲ್ಲ.

ಸಂಜೆಯ ಬೋಗಿಯದು ಬೇರೆಯೇ ಸಂಸಾರ. ಮಾಲೂರಿನಲ್ಲಿ ಸೊಪ್ಪು ಅಗ್ಗವೆಂದು ಎಲ್ಲರೂ ಕಂತೆ ಕಂತೆ ಕೊಂಡು ಹತ್ತುತ್ತಿದ್ದರು. ಗಾಡಿ ಹೊರಟ ಮೇಲೆ ಮಡಿಲಲ್ಲಿ ಪೇಪರ್ ಹರಡಿ ಬಿಡಿಸಲು ಕೂರುವುದು. ದೇವನಗೊಂದಿ ದಾಟುವಷ್ಟರಲ್ಲಿ ದಂಟಿನಸೊಪ್ಪು ಮುಗಿದು ವೈಟ್‌ಫೀಲ್ಡಿಗೆ ಸಬ್ಬಸಿಗೆ ಶುರುವಾಗುತ್ತಿತ್ತು. ಮನೆಗೆ ಹೋದ ಕೂಡಲೇ ಒಲೆ ಹಚ್ಚಿದರಾಯಿತು. ನನ್ನ ಕಂತೆಯನ್ನು ಆಪಾ ಮಾತಿಲ್ಲದೆ ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಆ ಬೋಗಿಗೆ ಒಬ್ಬ ಯಜಮಾನಿಯೂ ಇದ್ದರು. ಮಾಲೂರಿನ ಶಾಲೆಯಲ್ಲಿ ಕನ್ನಡ ಟೀಚರು, ಕೆ.ಆರ್. ಪುರದ ಪದ್ಮಾವತಿ ಮೇಡಂ.

ಮೇಡಮ್ಮನವರ ಕಸುಬು ಪಾಠ ಮಾಡುವುದಾದರೂ ಪ್ರೀತಿ ಇದ್ದದ್ದು ಮನವಿ ಪತ್ರಗಳ ಮೇಲೆ. ಆ ಬೋಗಿಯಲ್ಲಿ ಯಾರಿಗೆ ಏನು ಬೇಕಾದರೂ ಅವರು ಬರೆಯುತ್ತಿದ್ದರು: ಯಾರದೋ ಬೀದಿಗೆ ದೀಪ, ಯಾರದೋ ಮಗನಿಗೆ ಹಾಸ್ಟೆಲ್ ಸೀಟು, ಎಲ್ಲರಿಗೂ ಇನ್ನೊಂದು ಲೇಡೀಸ್ ಬೋಗಿ. ಗುಂಡಗಿನ ಅಕ್ಷರದಲ್ಲಿ 'ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ' ಎಂದು ಶುರುಮಾಡಿದರೆ ಕಲ್ಲೂ ಕರಗಬೇಕು, ಹಾಗೆ ಬರೆಯುವುದು. ಆಮೇಲೆ ಕಾಗದ ಸೀಟಿನಿಂದ ಸೀಟಿಗೆ ಹೋಗುತ್ತಿತ್ತು. ಎಲ್ಲರೂ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಓದುವವರು ಕಡಿಮೆ. ಬೇಡ ಎಂದವರನ್ನು ನಾನು ಕಂಡಿಲ್ಲ, ಯಾಕೆಂದರೆ ನಾಳೆ ತನಗೂ ನಲವತ್ತು ಸಹಿ ಬೇಕಾಗಬಹುದು.

ಡಿಸೆಂಬರಿನಲ್ಲಿ ಆಪಾ ಜ್ವರವೆಂದು ಒಂದು ವಾರ ಬರಲಿಲ್ಲ. ಆ ವಾರದ ಒಂದು ಸಂಜೆ ಮಾಲೂರಿನ ಪ್ಲಾಟ್‌ಫಾರ್ಮಿನಲ್ಲಿ ಸೊಪ್ಪಿನ ಬುಟ್ಟಿಯೊಂದಕ್ಕೆ ಎಡವಿ ಮುಗ್ಗರಿಸಿಬಿದ್ದೆ. ಮೊಣಕಾಲು ಒಡೆಯಿತು. "ಏನಮ್ಮಾ, ಕಣ್ ಕಾಣಾಕಿಲ್ವಾ?" ಎಂದು ಸೊಪ್ಪಿನವಳು ಬೈದಳು. ಬೈಗುಳವೇನೋ ಮಾಮೂಲಿಯದೇ. ಆದರೆ ಆವತ್ತು ನನಗೆ ಅಳು ಬಂತು. ಪದ್ಮಾವತಿ ಮೇಡಂ ಓಡಿ ಬಂದು ಎಬ್ಬಿಸಿ, ಬೋಗಿಯಲ್ಲಿ ಕೂರಿಸಿ, ತಮ್ಮ ಬಾಟಲಿಯ ನೀರಿನಿಂದ ಗಾಯ ತೊಳೆದರು. ಬೆನ್ನು ಸವರುತ್ತ ಏನಾಯಿತೆಂದು ಕೇಳಿದರು. ನೋವಿನಲ್ಲಿದ್ದವಳಿಗೆ ಸವರುವ ಕೈ ಸಿಕ್ಕರೆ ಬಾಯಿ ನಿಲ್ಲುತ್ತದೆಯೇ? ಎಲ್ಲ ಹೇಳಿಬಿಟ್ಟೆ.

"ಆಫೀಸಲ್ಲಿ ಗೊತ್ತಿಲ್ಲ ಮೇಡಂ. ಯಾರಿಗೂ ಹೇಳ್ಬೇಡಿ," ಎಂದೆ.

"ಛೆ ಛೆ, ನಿಮ್ಮನ್ನ ಕೇಳ್ದೆ ನಾನ್ಯಾಕ್ರೀ ಹೇಳ್ಲಿ?" ಎಂದರು. ಈ ಮಾತಿಗೆ ಅವರು ತಪ್ಪಲಿಲ್ಲ. ಅದೇ ನನ್ನ ಗಂಟಲಿನ ಮುಳ್ಳು.

ಸಂಕ್ರಾಂತಿಯ ಹಿಂದಿನ ವಾರ. ಬೋಗಿಯಲ್ಲಿ ಆಗಲೇ ಎಳ್ಳುಬೆಲ್ಲ ಓಡಾಡುತ್ತಿತ್ತು. ಇನ್ನೊಂದು ಲೇಡೀಸ್ ಬೋಗಿ ಕೇಳಿ ಹೊಸ ಮನವಿ ಬರೆಯುವ ಮಾತು ಆ ವಾರವೆಲ್ಲ ನಡೆದಿತ್ತು. ಹೊರಗೆ ಕತ್ತಲಾಗುತ್ತಿತ್ತು, ಒಳಗಿನ ದೀಪ ಉಳಿದವರಿಗೆಲ್ಲ ಸಾಕಾಗುವಷ್ಟಿತ್ತು. ಮೇಡಂ ಬಂದು ನನ್ನ ಪಕ್ಕ ಕೂತು ಒಂದು ಹಾಳೆ, ಒಂದು ಪೆನ್ನು ಕೈಗಿಟ್ಟರು.

"ನಿಧಾನಕ್ಕೆ ಓದಿ ರೇಣುಕಾ. ನೀವು ಹೂಂ ಅಂದ್ರೆ ಮಾತ್ರ ಮುಂದಕ್ಕೆ ಕಳಿಸ್ತೀನಿ."

ಹಾಳೆಯ ಮೇಲೆ ನನಗೆ ಕಂಡದ್ದು ಬೂದಿ ಬಣ್ಣ ಮಾತ್ರ. ಒಂದು ಅಕ್ಷರವೂ ಇಲ್ಲ. ಬೆಳಿಗ್ಗೆ ಹೊತ್ತು ನಾನು ಮೊಬೈಲಿನಲ್ಲಿ ಸುದ್ದಿ ಓದುವುದನ್ನು ಮೇಡಂ ನೋಡಿದ್ದರು. ಸಂಜೆಗೆ ಅದೇ ಕಣ್ಣು ಕಾಗದ ಓದಲಾರದು ಎಂದು ಅವರಿಗೆ ತಿಳಿದಿರಲಿಲ್ಲ. ದಾರಿ ಕಾಣುವುದಿಲ್ಲ ಎಂದು ಅತ್ತು ಹೇಳಿದ್ದವಳು, ಓದಲೂ ಆಗುವುದಿಲ್ಲ ಎಂದು ಹೇಳಲು ಹಿಂಜರಿದೆ. ದಾರಿ ಬೇರೆ, ಅಕ್ಷರ ಬೇರೆ. ಅಕ್ಷರ ನನ್ನ ಅನ್ನ. ಅದೂ ಹೋಗುತ್ತಿದೆ ಎಂದು ಆ ನಲವತ್ತು ಹೆಂಗಸರ ಮುಂದೆ ಯಾಕೆ ಒಪ್ಪಿಕೊಳ್ಳಲಿ? ತಲೆಯನ್ನು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಆಡಿಸಿದೆ. ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಆ ನಾಟಕದಲ್ಲಿ ನಾನು ಪಳಗಿದ ಕೈ.

"ತುಂಬಾ ಚೆನ್ನಾಗ್ ಬರ್ದಿದೀರಿ ಮೇಡಂ," ಎಂದೆ.

"ಏನಾದ್ರೂ ಬದ್ಲಾಯಿಸ್ಬೇಕಾ?"

"ಏನೂ ಬೇಡ."

"ಹಾಗಾದ್ರೆ ಇಲ್ಲಿ. ಮೊದಲ್ನೇದು ನಿಮ್ದೇ." ನನ್ನ ಬೆರಳನ್ನು ಜಾಗಕ್ಕೆ ತಂದಿಟ್ಟರು. ಸಹಿ ಹಾಕಿದೆ. ಮೇಡಂ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ದೊಡ್ಡ ಧೈರ್ಯ ಕಣ್ರೀ ನಿಮ್ದು," ಎಂದರು. ದನಿ ತೇವವಾಗಿತ್ತು. ಇನ್ನೊಂದು ಬೋಗಿ ಕೇಳಲು ಅದೆಂಥ ಧೈರ್ಯವಪ್ಪಾ ಎಂದು ನನಗೆ ನಗು ಬಂತು. ಮೊದಲ ಸಹಿ ನನ್ನದೆಂದು ಸ್ವಲ್ಪ ಹೆಮ್ಮೆಯೂ ಆಯಿತು. ಹಾಳೆ ಆಪಾಗೆ ಹೋಯಿತು, ಅವರೂ ಹಾಕಿದರು. ಅಲ್ಲಿಂದ ಸೊಪ್ಪು ಬಿಡಿಸುವ ಕೈಗಳ ನಡುವೆ ಮುಂದಕ್ಕೆ ಸಾಗಿತು.

ಮರುದಿನದಿಂದ ಬೋಗಿ ಬದಲಾಯಿತು. ನಾನು ಹತ್ತಿದರೆ ಮೂವರು ಏಳುತ್ತಿದ್ದರು. ಯಾರೋ ಸುಲಿದ ಕಿತ್ತಳೆ ಕೈಗಿಡುವರು, ಯಾರೋ ನನ್ನ ತಲೆ ನೇವರಿಸಿ ಲೊಚಗುಟ್ಟುವರು. ಒಬ್ಬಾಕೆ ಯಾವುದೋ ದೇವರ ಕುಂಕುಮವನ್ನು ನನ್ನ ರೆಪ್ಪೆಗೇ ಹಚ್ಚಿದಳು. ಎಲ್ಲರಿಗೂ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಹೇಳಿದವರು ಯಾರು? ಮೇಡಂ ಮಾತು ಕೊಟ್ಟಿದ್ದಾರೆ. ಹಾಗಾದರೆ ಇನ್ನು ಉಳಿದವರು ಒಬ್ಬರೇ.

ಕಾಗದದಲ್ಲಿ ಏನಿತ್ತೆಂದು ಕೇಳಬೇಕಾದವಳು ನಾನು ಅದನ್ನು ಕೇಳಲಿಲ್ಲ. ಮಾಲೂರಿನ ಪ್ಲಾಟ್‌ಫಾರ್ಮಿನಲ್ಲಿ ಆ ಕಿತ್ತಳೆ ದುಪಟ್ಟಾವನ್ನು ಹಿಡಿದು ನಿಲ್ಲಿಸಿದೆ.

"ನೀವೇ ಅಲ್ವಾ ಆಪಾ ಎಲ್ಲಾರ್ಗೂ ಹೇಳಿದ್ದು?"

"ಏನ್ ಹೇಳ್ದೆ?"

"ನನ್ನ ಕಣ್ಣಿನ ವಿಷ್ಯ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು? ಸಹಾಯ ಮಾಡಿದ್ದನ್ನ ಊರಿಗೆಲ್ಲಾ ತೋರಿಸ್ಕೋಬೇಕಿತ್ತಾ?"

"ಆರು ತಿಂಗ್ಳಿಂದ ನಿಂಗೇ ಹೇಳಿಲ್ಲ ನಾನು, ನಂಗೊತ್ತು ಅಂತ," ಎಂದರು. "ಬೇರೆಯವರ್ಗೆ ಹೇಳ್ತೀನಾ?" ದುಪಟ್ಟಾವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮುಂದೆ ನಡೆದರು. ಆವತ್ತು ಅವರು ನಿಧಾನವಾಗಿ ನಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಸೀಟಿನ ಮೇಲೆ ದುಪಟ್ಟಾ ಇರಲಿಲ್ಲ. ಅವರು ಬೇರೆ ಬಾಗಿಲಿನಿಂದ ಹತ್ತತೊಡಗಿದ್ದರು.

ಫೆಬ್ರವರಿಯಲ್ಲಿ ಮ್ಯಾನೇಜರ್ ಕರೆಸಿದರು. ಒಳ್ಳೆಯ ಮನುಷ್ಯ, ಯಾವತ್ತೂ ದನಿ ಎತ್ತಿದವರಲ್ಲ. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಅವರೇ ಕುರ್ಚಿ ಎಳೆದುಕೊಟ್ಟರು. ಆವರೆಗೆ ಅವರು ಯಾರಿಗೂ ಕುರ್ಚಿ ಎಳೆದುಕೊಟ್ಟದ್ದಿಲ್ಲ. ಮೇಜಿನ ಮೇಲೆ ಒಂದು ಹಾಳೆ ಸರಿಸಿದರು. ಕಿಟಕಿಯಿಂದ ಹಗಲಿನ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಗುಂಡಗಿನ ಅಕ್ಷರ ಒಂದೊಂದೂ ಕಂಡಿತು.

'ತಮ್ಮ ಕಾರ್ಖಾನೆಯ ನೌಕರರಾದ ನಮ್ಮ ಸೋದರಿ ರೇಣುಕಾ ಅವರು ಪೂರ್ಣ ಅಂಧತ್ವದ ಅಂಚಿನಲ್ಲಿದ್ದು, ದಿನನಿತ್ಯ ಜೀವವನ್ನು ಕೈಯಲ್ಲಿ ಹಿಡಿದು ಏಕಾಂಗಿಯಾಗಿ ರೈಲಿನಲ್ಲಿ ಪ್ರಯಾಣಿಸುತ್ತಿದ್ದು, ಸಹಪ್ರಯಾಣಿಕರಾದ ನಮಗೆ ಕರುಳು ಕಿತ್ತು ಬರುತ್ತಿದೆ.' ಆದಕಾರಣ ಆಕೆಯನ್ನು ಬೆಂಗಳೂರಿನ ಆಫೀಸಿಗೆ ವರ್ಗಾಯಿಸಬೇಕಂತೆ. ಕೆಳಗೆ ನಲವತ್ತು ಸಹಿ. ಎಲ್ಲಕ್ಕಿಂತ ಮೇಲೆ, ಅರ್ಜಿದಾರಳೆಂದು, ನನ್ನದು. ಮೇಡಂ ಒಂದು ದಿನ ಊಟದ ಬಿಡುವಿನಲ್ಲಿ ಬಿಸಿಲಿನಲ್ಲಿ ನಡೆದು ಬಂದು ಕೈಯಾರೆ ಕೊಟ್ಟು ಹೋಗಿದ್ದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗೆ.

"ಸರ್, ನನ್ನ ಕೆಲಸದಲ್ಲಿ ಏನಾದ್ರೂ ತಪ್ಪಾಗಿದ್ಯಾ?" ಎಂದು ಕೇಳಿದೆ.

"ಅಯ್ಯೋ, ಅದೆಲ್ಲ ಮಾತೇ ಅಲ್ಲಮ್ಮಾ. ನಮಗೆ ಬೆಂಗ್ಳೂರಲ್ಲಿ ಜಾಗ ಇಲ್ಲ. ನಾಳೆ ದಾರೀಲಿ ನಿಮಗೇನಾದ್ರೂ ಆದ್ರೆ ನಮ್ಮ ಮನಸ್ಸಿಗೆ ಸಮಾಧಾನ ಇರುತ್ತಾ? ನೀವೇ ಸೈನ್ ಮಾಡಿ ಕೊಟ್ಟಿದ್ದೀರಲ್ಲ."

ಓದದೆ ಹಾಕಿದ ಸಹಿ ಎಂದು ಹೇಳಬಹುದಿತ್ತು. ಯಾಕೆ ಓದಲಿಲ್ಲ ಎಂದು ಕೇಳಿದರೆ? ಕಾಣಲಿಲ್ಲ ಎಂದರೆ ಆ ಹಾಳೆಯೇ ನಿಜವಾಗುತ್ತದೆ. ಉಗುಳಲೂ ಆಗದೆ ನುಂಗಲೂ ಆಗದೆ ಕೂತೆ. ಮಾರ್ಚಿಗೆ ಗುತ್ತಿಗೆ ಮುಗಿಯಿತು, ಹೊಸದು ಬರೆಯಲಿಲ್ಲ. ಕೊನೆಯ ದಿನ ಶಾಲು ಹೊದಿಸಿದರು. ಕೆಲಸ ಕಿತ್ತುಕೊಂಡು ಶಾಲು ಹೊದಿಸುವ ಕರುಣೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಶಾಲನ್ನು ಬ್ಯಾಗಿನಲ್ಲಿ ತುರುಕಿಕೊಂಡು ಸಂಜೆ ಬೋಗಿ ಹತ್ತಿದೆ. "ಏನಾಯ್ತ್ರೀ, ಏನಂದ್ರು?" ಎಂದು ಮೇಡಂ ಕೇಳಿದರು. ಬೋಗಿಯೆಲ್ಲ ಸೊಪ್ಪು ನಿಲ್ಲಿಸಿ ಕಾಯುತ್ತಿತ್ತು. ಅಷ್ಟು ಜನರ ಮುಂದೆ ನನಗೆ ಇನ್ನೊಂದು ನಾಟಕವಾಡದೆ ವಿಧಿಯಿರಲಿಲ್ಲ.

"ಆಯ್ತು ಮೇಡಂ. ಬೆಂಗ್ಳೂರಿಗೇ ಆಯ್ತು. ಇವತ್ತೇ ಇಲ್ಲಿ ಕೊನೆ ದಿನ."

ಚಪ್ಪಾಳೆ ತಟ್ಟಿದರು. ವೈಟ್‌ಫೀಲ್ಡಿನಲ್ಲಿ ಇಳಿಯಬೇಕಾಗಿದ್ದ ಇಬ್ಬರು ನನಗೋಸ್ಕರ ಕೆ.ಆರ್. ಪುರದವರೆಗೆ ಬಂದರು. ಯಾರೋ ಮೈಸೂರುಪಾಕಿನ ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ನನ್ನ ಬಾಯಿಗೇ ಇಟ್ಟರು. "ನೋಡಿದ್ರಾ, ನಲವತ್ತು ಜನದ ಸಹಿ ಅಂದ್ರೆ ಸುಮ್ನೇನಾ?" ಎಂದು ಮೇಡಂ ಬೀಗಿದರು. ನಾನು ಆ ಸಿಹಿಯನ್ನು ಅಗಿದು ನುಂಗಿದೆ. ಆಕೆಯನ್ನು ದ್ವೇಷಿಸಲು ಆವತ್ತಿನಿಂದ ಪ್ರಯತ್ನಿಸುತ್ತಿದ್ದೇನೆ. ಪಾಪ, ಆಕೆ ಒಪ್ಪಿಗೆ ಕೇಳಿಯೇ ಕಳಿಸಿದ್ದು.

ಕೆ.ಆರ್. ಪುರದಲ್ಲಿ ಬೋಗಿ ಅರ್ಧ ಖಾಲಿಯಾದ ಮೇಲೆ ಪಕ್ಕದಲ್ಲಿ ಯಾರೋ ಬಂದು ಕೂತರು. ಬೆವರು, ಹೊಸ ಬಟ್ಟೆಯ ಗಂಜಿ, ಹೊಲಿಗೆ ಯಂತ್ರದ ಎಣ್ಣೆ. ಆಪಾ.

"ಕೆಲಸ ಹೋಯ್ತಾ?" ಎಂದು ಮೆಲ್ಲಗೆ ಕೇಳಿದರು. ಆ ಬೋಗಿಯಲ್ಲಿ ನನ್ನ ಮುಖ ಓದಿದ್ದು ಅವರೊಬ್ಬರೇ.

ಹೂಂ ಎಂದೆ. ಕಾಗದದಲ್ಲಿ ಏನಿತ್ತೆಂದು ಹೇಳಿದೆ. ಬೋಗಿಯ ವಿಷಯವೆಂದುಕೊಂಡು, ಓದಲಾಗದೆ, ಓದಿದಂತೆ ಮಾಡಿ ಸಹಿ ಹಾಕಿದ್ದನ್ನೂ ಹೇಳಿದೆ.

"ನಂಗೆ ಕನ್ನಡ ಓದಕ್ಕೆ ಬರಲ್ಲ ರೇಣು," ಎಂದರು. "ಯಾರಿಗೂ ಹೇಳಿಲ್ಲ, ಟೀಚರ್ ಮುಂದೆ ನಾಚಿಕೆ. ನೀನು ಅಷ್ಟು ಹೊತ್ತು ನೋಡಿ ಹಾಕ್ದೆ ನೋಡು, ಅದಕ್ಕೇ ನಾನೂ ಹಾಕ್ದೆ. ನೀನು ಓದಿದ್ರೆ ಸರೀನೇ ಇರುತ್ತೆ ಅಂತ."

ನನ್ನ ಕಣ್ಣನ್ನು ಆ ವರ್ಷ ನಂಬಿದವರು ಒಬ್ಬರೇ, ಚಾಡಿಕೋರಿ ಎಂದು ನಾನು ಅವಮಾನಿಸಿದ್ದ ಈ ಆಪಾ. ತಪ್ಪಾಯ್ತು ಆಪಾ ಎಂದೆ. "ಬೇಡ, ಅಳ್ಬೇಡ ಈಗ, ನಿನ್ ಸ್ಟೇಷನ್ ಬಂತು," ಎಂದು ಬಾಗಿಲವರೆಗೆ ಬಂದರು. "ಇನ್ನೊಂದ್ ಸ್ವಲ್ಪ ಕೆಳಗೆ… ಬಸ್, ಈಗ." ಇಳಿದು ತಿರುಗುವಷ್ಟರಲ್ಲಿ ಗಾಡಿ ಹೊರಟಿತ್ತು. ಅವರ ನಂಬರನ್ನು ನಾನು ಯಾವತ್ತೂ ಕೇಳಿರಲಿಲ್ಲ. ದಿನಾ ಸಿಗುವವರ ನಂಬರು ಯಾಕೆ ಬೇಕು ಎಂದುಕೊಂಡಿದ್ದೆ.

ಏಪ್ರಿಲ್ ಕೊನೆಗೆ ಬೀಗದ ಕೈಯನ್ನು ಮನೆಯೊಡತಿಗೆ ಕೊಟ್ಟು ಅಣ್ಣನ ಮನೆಗೆ ಬಂದೆ. ಫ್ರಿಜ್ಜು ಹೊಸದಾಗಿತ್ತು, ಮೊದಲಿನದಕ್ಕಿಂತ ಅಗಲ. ಅತ್ತಿಗೆಯ ಉಸಿರು ಮೊದಲಿನದೇ. ನಾನು ಈಗಲೂ ಅಲ್ಲಿಯೇ ಇದ್ದೇನೆ.

ಹೋದ ತಿಂಗಳು ಆ ಸಬ್ಬಸಿಗೆಯ ಮೂಟೆಯನ್ನು ದಾಟಿ, ಬಿಳಿ ಕೋಲು ಹಿಡಿದು, ಬಂಗಾರಪೇಟೆಯ ಗಾಡಿಯ ಲೇಡೀಸ್ ಬೋಗಿ ಹತ್ತಿದೆ. ಕೋಲು ಮರೆಮಾಡಲು ಈಗ ಯಾವ ಆಫೀಸೂ ಇಲ್ಲ. ಕಿತ್ತಳೆ ಬಣ್ಣ ಹುಡುಕುವ ಕಣ್ಣೂ ಇಲ್ಲ; ಆದರೂ ಕಿವಿ ಒಂದು ದನಿಯನ್ನು ಹುಡುಕಿತು. ಸಿಗಲಿಲ್ಲ. ಕೆ.ಆರ್. ಪುರ ದಾಟಿದ ಮೇಲೆ ಕಾಗದದ ಸರಸರ ಸದ್ದು ಸೀಟಿನಿಂದ ಸೀಟಿಗೆ ಹತ್ತಿರ ಬಂತು. "ಒಂದ್ ಸೈನ್ ಹಾಕಿ ಮೇಡಂ, ಎಲ್ಲರ ಒಳ್ಳೇದಕ್ಕೇನೇ," ಎನ್ನುತ್ತಿದ್ದಳು ಯಾರೋ ಹುಡುಗಿ. ನನ್ನ ಪಕ್ಕದಾಕೆ ಹಾಕಿದ್ದು ಕೇಳಿಸಿತು. ನನ್ನ ಸರದಿ ಬಂತು. ಈ ಮಾತನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೇಳಿ ಹೇಳಿ ರೂಢಿಮಾಡಿಕೊಂಡಿದ್ದೆ.

"ಏನ್ ಬರ್ದಿದೆ ಅಂತ ಪೂರ್ತಿ ಓದಿ ಹೇಳಮ್ಮಾ, ಆಮೇಲೆ ಹಾಕ್ತೀನಿ. ನಂಗೆ ಕಾಣಲ್ಲ."

ಹುಡುಗಿಯ ದನಿಯಲ್ಲಿ ಕರುಣೆ ತುಂಬಿತ್ತು: "ಅಯ್ಯೋ, ಪರ್ವಾಗಿಲ್ಲ ಬಿಡಿ ಆಂಟಿ, ನಿಮ್ದು ಬೇಡ."

ಹಾಳೆ ನನ್ನ ಮಡಿಲ ಮೇಲಿಂದ ಹಾದು ಆಚೆಯವರ ಕೈಗೆ ಹೋಯಿತು.